ಬೇಸಗೆಯ ರಜೆಯೂ ಬೆಳಕಿನ ಬರವಣಿಗೆಯೂ

(ಚನ್ನರಾಯನದುರ್ಗದಲ್ಲಿ ಮಕ್ಕಳ ಛಾಯಾಗ್ರಹಣ ಶಿಬಿರ ನಡೆಸಿದ ಅನುಭವ ಮತ್ತು ಅದರಿಂದ ಕಲಿತ ಪಾಠಗಳು)

ರಜೆ ಎಂಬ ಎರಡಕ್ಷರ ಕಿವಿಗೆ ಬಿದ್ದೊಡನೆ ಮಕ್ಕಳ ಮುಖ ಅರಳುವುದು ಎಲ್ಲರೂ ಬಲ್ಲ ಸಂಗತಿ. ಏಪ್ರಿಲ್ ತಿಂಗಳಲ್ಲಿ ಶಾಲೆಗಳ ಬಾಗಿಲಿಗೆ ಬೀಗ ಬಿದ್ದಮೇಲೆ ಪಟ್ಟಣದ ಮಕ್ಕಳಿಗೆ ಈಜು, ಸಂಗೀತ, ಚಿತ್ರಕಲೆ, ನಾಟಕ ಎಂದು ಹತ್ತಾರು ಶಿಬಿರಗಳು ತೆರೆಯುತ್ತವೆ. ಮೈಸೂರಿನ ರಂಗಾಯಣದ ಚಿಣ್ಣರ ಮೇಳದ ಹೆಸರನ್ನು ನಾವೆಲ್ಲರೂ ಕೇಳಿದ್ದೇವೆ. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಆಟ, ಕುಣಿತ, ನಾಟಕಗಳ ಮೂಲಕವೇ ಮಕ್ಕಳಿಗೆ ಪಾಠ ಹೇಳಿದರೆಂಬುದನ್ನೂ ಓದಿದ್ದೇವೆ. ಆದರೆ ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗದ ಬೆಟ್ಟದ ಬುಡದಲ್ಲಿ ಬೆಳೆಯುವ ಮಕ್ಕಳಿಗೆ ರಜೆಯೆಂದರೆ ಹುಣಿಸೆಹಣ್ಣು ಆಯುವುದು, ಕುರಿಮರಿ ಕಾಯುವುದು, ನೆಂಟರ ಮದುವೆಗೆ ಹೋಗಿ ಬರುವುದು. ಮಿಕ್ಕ ಹೊತ್ತೆಲ್ಲ ಮನೆಯ ಹಿರಿಯರ ಮೊಬೈಲ್ ಫೋನಿನ ಸುತ್ತ ಬೆಲ್ಲಕ್ಕೆ ಇರುವೆ ಮುತ್ತಿದಂತೆ ಮುತ್ತಿಕೊಂಡಿರುವುದು.

ಈ ಫೋನಿನಲ್ಲಿ ಒಂದು ಕ್ಯಾಮೆರಾ ಇದೆ. ಅದನ್ನು ಒತ್ತುವುದು ಎಲ್ಲ ಮಕ್ಕಳಿಗೂ ಗೊತ್ತು. ಆದರೆ ಒತ್ತುವ ಮೊದಲು ನೋಡುವುದನ್ನು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಈ ಮಾತು ನಮ್ಮ ಗಮನಕ್ಕೆ ಬಂದುದರಿಂದ ನಾವು ಮೂವರು ಸಹಪಾಠಿಗಳು ಕಳೆದ ಬೇಸಗೆಯಲ್ಲಿ ಹತ್ತು ದಿನಗಳ ಒಂದು ಚಿಕ್ಕ ಶಿಬಿರವನ್ನು ನಡೆಸಿದೆವು. ನಾವು ಛಾಯಾಗ್ರಹಣದಲ್ಲಿ ಪಂಡಿತರಲ್ಲ. ಓದಿಕೊಂಡು, ತಪ್ಪು ಮಾಡಿ ತಿದ್ದಿಕೊಂಡು ಕಲಿತವರು. ಇಂಥ ಶಿಬಿರವನ್ನು ತಮ್ಮ ತಮ್ಮ ಊರುಗಳಲ್ಲಿ ನಡೆಸಬೇಕೆನ್ನುವ ಸೋದರ ವಿದ್ಯಾರ್ಥಿಗಳಿಗೆ ಸಹಾಯವಾದೀತೆಂಬ ಆಸೆಯಿಂದ ನಮ್ಮ ಅನುಭವವನ್ನು, ನಮ್ಮ ತಪ್ಪುಗಳ ಸಮೇತ, ಇಲ್ಲಿ ಬರೆಯುತ್ತಿದ್ದೇನೆ.

ಈ ವಿದ್ಯೆ ನಮಗೇಕೆ?

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ನಮ್ಮ ಮನೆಯ ಗೋಡೆಯ ಮೇಲೆ ಇರುವ ಫೋಟೋ ಒಂದೇ. ಅದು ತಂದೆತಾಯಿಯರ ಮದುವೆಯದು. ಬೇರೆ ಫೋಟೋಗಳೆಲ್ಲ ತಗಡಿನ ಪೆಟ್ಟಿಗೆಯೊಳಗೆ ಕಾಗದಪತ್ರಗಳ ಮೇಲೆ ಅಂಟಿಕೊಂಡಿವೆ: ಪಡಿತರ ಚೀಟಿ, ಮತದಾರರ ಚೀಟಿ, ಆಧಾರ್ ಕಾರ್ಡು, ನನ್ನ ಎಸ್.ಎಸ್.ಎಲ್.ಸಿ. ಪ್ರವೇಶ ಪತ್ರ. ಅವುಗಳಲ್ಲಿ ಯಾರೂ ನಕ್ಕಿಲ್ಲ. ನಮ್ಮ ಅಜ್ಜಿ ತಮ್ಮ ಕಾರ್ಡನ್ನು ನೋಡಿದಾಗಲೆಲ್ಲ, “ಇವಳ್ಯಾರೋ, ನಾನಲ್ಲ ಕಣೇ” ಎನ್ನುತ್ತಾರೆ. ನಮ್ಮಂಥವರನ್ನು ಬೇರೆಯವರು ತಮ್ಮ ಅಗತ್ಯಕ್ಕಾಗಿ ಫೋಟೋ ಹಿಡಿದದ್ದುಂಟು. ನಾವು ಕಂಡದ್ದನ್ನು ನಾವೇ ಹಿಡಿದದ್ದು ಬಲು ಕಡಮೆ.

ಈ ಮಾತು ಇಂದಿನದಲ್ಲ. ಪ್ಯಾರಿಸಿನಲ್ಲಿ ಡಾಗೇರನ ವಿಧಾನ ಪ್ರಕಟವಾದದ್ದು ೧೮೩೯ರಲ್ಲಿ. ಹದಿನೈದೇ ವರ್ಷಗಳಲ್ಲಿ ಆ ವಿದ್ಯೆ ನಮ್ಮ ನಾಡಿಗೆ ಬಂದಿತು. ೧೮೫೪ರಲ್ಲಿ ಲಿನೇಯಸ್ ಟ್ರೈಪ್ ಎಂಬ ಸೈನ್ಯಾಧಿಕಾರಿ ಬೇಲೂರು ಹಳೇಬೀಡುಗಳ ಚಿತ್ರಗಳನ್ನು ತೆಗೆದನು. ೧೮೫೬ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಮತ್ತೊಬ್ಬ ಅಧಿಕಾರಿ ಹಂಪೆಯ ಹಾಳು ಮಂಟಪಗಳನ್ನು ಮೇಣ ಸವರಿದ ಕಾಗದದ ಮೇಲೆ ಹಿಡಿದನು. ಈ ಚಿತ್ರಗಳು ಅಮೂಲ್ಯವಾದವು. ಅವುಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಆ ಕಾಲದ ಸ್ಮಾರಕಚಿತ್ರಗಳಲ್ಲಿ ಜನ ಕಾಣುವುದು ಅಪರೂಪ. ಕಂಡರೂ ಅನೇಕ ವೇಳೆ ಕಂಬದ ಎತ್ತರ ತಿಳಿಯಲೆಂದು ಪಕ್ಕದಲ್ಲಿ ನಿಲ್ಲಿಸಿದವರು, ಹೆಸರಿಲ್ಲದವರು.

ಮೈಸೂರಿನವರಾದ ಟಿ. ಎಸ್. ಸತ್ಯನ್ (೧೯೨೩–೨೦೦೯) ಈ ಪದ್ಧತಿಯನ್ನು ಬಿಟ್ಟು ಬೇರೆ ದಾರಿ ಹಿಡಿದರು. ಬೀದಿಯಲ್ಲಿ, ಶಾಲೆಯಲ್ಲಿ, ಹೊಲದಲ್ಲಿ ಕಂಡ ಸಾಮಾನ್ಯ ಜನರೂ ಮಕ್ಕಳೂ ಅವರ ಚಿತ್ರಗಳ ನಾಯಕರಾದರು. ೧೯೭೯ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ನಡೆಯಿತು. ಇದು ಕನ್ನಡಿಗರೆಲ್ಲರೂ ಹೆಮ್ಮೆಪಡುವ ವಿಷಯ.

ಮಕ್ಕಳ ಚಿತ್ರ ತೆಗೆಯುವುದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ಮಕ್ಕಳ ಕೈಗೇ ಕ್ಯಾಮೆರಾ ಕೊಟ್ಟವರೂ ಇದ್ದಾರೆ. ಅಮೆರಿಕದ ವೆಂಡಿ ಈವಾಲ್ಡ್ ಎಂಬಾಕೆ ಕೆಂಟುಕಿ ಪ್ರಾಂತದ ಬೆಟ್ಟಗಾಡಿನ ಬಡಮಕ್ಕಳಿಗೆ ಚಿತ್ರ ತೆಗೆಯುವುದನ್ನು ಕಲಿಸಿ, ಆ ಚಿತ್ರಗಳನ್ನೂ ಮಕ್ಕಳ ಮಾತುಗಳನ್ನೂ ಸೇರಿಸಿ ೧೯೮೫ರಲ್ಲಿ ಪುಸ್ತಕವಾಗಿ ಹೊರತಂದರು. ಮುಂದೆ ಗುಜರಾತಿನ ಒಂದು ಹಳ್ಳಿಯಲ್ಲೂ ಅವರು ಇದೇ ಕೆಲಸ ಮಾಡಿದರು. ಕಲ್ಕತ್ತೆಯ ಸೋನಾಗಾಛಿಯ ಮಕ್ಕಳಿಗೆ ಜಾನಾ ಬ್ರಿಸ್ಕಿ ಎಂಬಾಕೆ ಕ್ಯಾಮೆರಾ ಕೊಟ್ಟು ಕಲಿಸಿದ ಕಥೆ ೨೦೦೪ರಲ್ಲಿ ಚಲನಚಿತ್ರವಾಗಿ, ಮರುವರ್ಷ ಆಸ್ಕರ್ ಪ್ರಶಸ್ತಿಯನ್ನೂ ಪಡೆಯಿತು. ಆದರೆ ಆ ಮಕ್ಕಳ ಮತ್ತು ತಾಯಂದಿರ ಬದುಕನ್ನು ಹಾಗೆ ಪರದೆಯ ಮೇಲೆ ತೋರಿಸಬಹುದೇ ಎಂಬ ಚರ್ಚೆಯೂ ಜೊತೆಯಲ್ಲೇ ಎದ್ದಿತು. ಈ ಚರ್ಚೆಯನ್ನು ನಾವು ಮೊದಲೇ ಓದಿಕೊಂಡಿದ್ದೆವು. ಓದಿಯೂ ಎಡವಿದೆವು. ಅದನ್ನು ಮುಂದೆ ಹೇಳುತ್ತೇನೆ.

ಸಿದ್ಧತೆ

ಶಿಬಿರಕ್ಕೆ ಮೊದಲು ಬೇಕಾದದ್ದು ನೆರಳಿರುವ ಸ್ಥಳ ಮತ್ತು ಕುಡಿಯುವ ನೀರು, ಕ್ಯಾಮೆರಾ ಆಮೇಲೆ. ಊರಿನ ಶಾಲೆಯ ಮುಖ್ಯೋಪಾಧ್ಯಾಯರು ದೊಡ್ಡ ಮನಸ್ಸು ಮಾಡಿ ಒಂದು ಕೊಠಡಿಯನ್ನೂ ಜಗಲಿಯನ್ನೂ ಬಿಟ್ಟುಕೊಟ್ಟರು. ಬೆಳಗ್ಗೆ ಆರೂವರೆಯಿಂದ ಒಂಬತ್ತರವರೆಗೆ ಹೊರಗಿನ ಕೆಲಸ, ಒಂಬತ್ತರಿಂದ ಹನ್ನೊಂದರವರೆಗೆ ಒಳಗಿನ ಪಾಠ ಎಂದು ಗೊತ್ತುಮಾಡಿದೆವು. ನಮ್ಮ ಸೀಮೆಯ ಬಂಡೆಗಳು ಹತ್ತು ಗಂಟೆಗೆಲ್ಲ ಕಾದ ಹೆಂಚಿನಂತಾಗುವುದರಿಂದ ಇದಕ್ಕಿಂತ ಬೇರೆ ವೇಳೆ ಸಾಧ್ಯವಿಲ್ಲ. ಒಳ್ಳೆಯ ಬೆಳಕೂ ಬೆಳಗಿನದೇ.

ಆರನೆಯ ತರಗತಿಯಿಂದ ಎಂಟನೆಯ ತರಗತಿಯವರೆಗಿನ ಹನ್ನೆರಡು ಮಕ್ಕಳು ಬಂದರು. ಏಳು ಹುಡುಗರು, ಐದು ಹುಡುಗಿಯರು. ಮೂವರು ಹೇಳಿಕೊಡುವವರಿಗೆ ಹನ್ನೆರಡಕ್ಕಿಂತ ಹೆಚ್ಚು ಮಕ್ಕಳನ್ನು ಸೇರಿಸಬಾರದು ಎಂಬುದು ನಮ್ಮ ಅನುಭವ. ಪರದೆ ಬಿರುಕು ಬಿಟ್ಟು ಮನೆಗಳಲ್ಲಿ ಮೂಲೆ ಸೇರಿದ್ದ ನಾಲ್ಕು ಹಳೆಯ ಫೋನುಗಳನ್ನು ಬೇಡಿ ತಂದು, ಸಿಮ್ ತೆಗೆದಿಟ್ಟೆವು. ಮೂರು ಮೂರು ಮಕ್ಕಳ ನಾಲ್ಕು ಗುಂಪು. ಒಬ್ಬರು ಚಿತ್ರ ತೆಗೆಯುವುದು, ಒಬ್ಬರು ಬೆಳಕು ಯಾವ ಕಡೆಯಿಂದ ಬರುತ್ತಿದೆಯೆಂದು ನೋಡಿ ಹೇಳುವುದು, ಮತ್ತೊಬ್ಬರು ನೋಟುಪುಸ್ತಕದಲ್ಲಿ ಬರೆದುಕೊಳ್ಳುವುದು, ಹೀಗೆ ಸರದಿ. ಉಪಕರಣ ಕಡಮೆಯಿದ್ದದ್ದು ಒಂದು ಬಗೆಯಲ್ಲಿ ಒಳ್ಳೆಯದೇ ಆಯಿತು. ತನ್ನ ಸರದಿಗಾಗಿ ಕಾಯುವ ಮಗು ನೋಡುವುದನ್ನು ಕಲಿಯುತ್ತದೆ.

ತಂದೆತಾಯಿಗಳ ಒಪ್ಪಿಗೆಯಿಲ್ಲದೆ ಒಂದು ಮಗುವನ್ನೂ ಸೇರಿಸಬಾರದು. ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯೂ ಹದಿನೆಂಟು ವರ್ಷದೊಳಗಿನವರ ವಿಷಯದಲ್ಲಿ ತಂದೆತಾಯಿಗಳ ಒಪ್ಪಿಗೆಯನ್ನು ಕಡ್ಡಾಯ ಮಾಡಿದೆ. ಆದರೆ ಕಾಯಿದೆಯ ಮಾತಿಗಿಂತ ಮನೆಬಾಗಿಲಿನ ಮಾತು ದೊಡ್ಡದು. ಏಳನೆಯ ತರಗತಿಯ ಒಬ್ಬ ಹುಡುಗಿಯ ತಾಯಿ ಖಂಡಿತವಾಗಿ ಒಲ್ಲೆನೆಂದರು. “ಹೆಣ್ಣು ಹುಡುಗೀ ಫೋಟೋ ಯಾರ್ಯಾರ ಕೈಲೋ ಓಡಾಡಿದ್ರೆ ನಾಳೆ ಯಾರವ್ವ ಜವಾಬ್ದಾರಿ? ಬ್ಯಾಡ” ಎಂದರು. ನಾವು ವಾದ ಮಾಡಲಿಲ್ಲ. ಸಿಮ್ ಇಲ್ಲದ ಫೋನನ್ನು ತೋರಿಸಿ, ಚಿತ್ರಗಳು ಕಾಗದದ ಮೇಲಲ್ಲದೆ ಬೇರೆಲ್ಲಿಯೂ ಹೋಗವೆಂದು ಮಾತು ಕೊಟ್ಟು, ಅವರೂ ಬಂದು ಕುಳಿತಿರಬಹುದೆಂದು ಹೇಳಿದೆವು. ಮೊದಲ ಎರಡು ದಿನ ಆ ತಾಯಿ ಹುಣಿಸೆಹಣ್ಣಿನ ಬುಟ್ಟಿಯನ್ನು ತಂದುಕೊಂಡು, ಬೀಜ ಬಿಡಿಸುತ್ತ ಕೊಠಡಿಯ ಬಾಗಿಲಲ್ಲೇ ಕುಳಿತಿದ್ದರು. ಮೂರನೆಯ ದಿನ ಮಗಳನ್ನು ಒಬ್ಬಳನ್ನೇ ಕಳುಹಿಸಿದರು.

ಪಾಠಕ್ರಮ

ಮೊದಲನೆಯ ದಿನ ಕ್ಯಾಮೆರಾವನ್ನು ಮಕ್ಕಳಿಗೆ ತೋರಿಸಲೇ ಇಲ್ಲ. ಕೊಠಡಿಯ ಕಿಟಕಿಗಳಿಗೆಲ್ಲ ಕಂಬಳಿ ಹೊದಿಸಿ, ಬಾಗಿಲಿನ ಸಂದುಗಳಿಗೆ ಬಟ್ಟೆ ತುರುಕಿ ಕತ್ತಲೆ ಮಾಡಿದೆವು. ಬೆಟ್ಟದ ಕಡೆಯ ಕಿಟಕಿಗೆ ರಟ್ಟು ಕಟ್ಟಿ, ಅದರಲ್ಲಿ ಬೆರಳು ತೂರುವಷ್ಟು ಒಂದು ತೂತು ಮಾಡಿದೆವು. ಕಣ್ಣು ಕತ್ತಲೆಗೆ ಒಗ್ಗಿದಮೇಲೆ ಎದುರಿನ ಸುಣ್ಣದ ಗೋಡೆಯ ಮೇಲೆ ಬೆಟ್ಟವೂ ಆಕಾಶವೂ ತಲೆಕೆಳಗಾಗಿ ಮೂಡಿದವು. “ಅಕ್ಕಾ, ದುರ್ಗ ಮಗುಚ್ಕೊಂಡೈತೆ!” ಎಂದು ಒಬ್ಬ ಹುಡುಗ ಕೂಗಿದ. ಬಾಗಿಲಲ್ಲಿ ಹುಣಿಸೆಹಣ್ಣು ಬಿಡಿಸುತ್ತಿದ್ದ ತಾಯಿಯೂ ಎದ್ದು ಒಳಗೆ ಬಂದು ನೋಡಿದರು.

ಬೆಳಕು ನೆಟ್ಟಗೆ ಸಾಗುತ್ತದೆ. ಆದ್ದರಿಂದ ಬೆಟ್ಟದ ತುದಿಯಿಂದ ಹೊರಟ ಕಿರಣ ತೂತನ್ನು ದಾಟಿ ಗೋಡೆಯ ಕೆಳಭಾಗಕ್ಕೂ, ಬುಡದಿಂದ ಹೊರಟದ್ದು ಮೇಲ್ಭಾಗಕ್ಕೂ ಹೋಗಿ ಬೀಳುತ್ತವೆ. ಹಂಪೆಯ ವಿರೂಪಾಕ್ಷ ದೇವಾಲಯದಲ್ಲಿ ಗೋಪುರದ ನೆರಳು ಒಂದು ಚಿಕ್ಕ ಕಿಂಡಿಯ ಮೂಲಕ ಒಳಗಿನ ಗೋಡೆಯ ಮೇಲೆ ತಲೆಕೆಳಗಾಗಿ ಬೀಳುವುದನ್ನು ಪ್ರವಾಸಿಗಳು ಇಂದಿಗೂ ನೋಡುತ್ತಾರೆ. ಅದಕ್ಕೂ ನಮ್ಮ ಕೊಠಡಿಗೂ ತತ್ತ್ವ ಒಂದೇ. ಕ್ಯಾಮೆರಾ ಎಂಬ ಲ್ಯಾಟಿನ್ ಶಬ್ದಕ್ಕೆ ಕೋಣೆ ಎಂದೇ ಅರ್ಥವೆಂದು ಹೇಳಿದಾಗ ಮಕ್ಕಳಿಗೆ ಆ ಹೆಸರು ಪರಕೀಯವೆನಿಸಲಿಲ್ಲ. ಅವರು ಕ್ಯಾಮೆರಾದ ಒಳಗೇ ಕುಳಿತಿದ್ದರು!

ಎರಡನೆಯ ದಿನ ಆ ಕೋಣೆಯನ್ನೇ ಕಿರಿದು ಮಾಡಿದೆವು. ಬೂಟಿನ ರಟ್ಟಿನ ಪೆಟ್ಟಿಗೆಯ ಒಂದು ಮಗ್ಗುಲಿಗೆ ಗುಂಡುಸೂಜಿಯಿಂದ ಸುಮಾರು ಅರ್ಧ ಮಿಲಿಮೀಟರಿನ ತೂತು. ಎದುರು ಮಗ್ಗುಲನ್ನು ಕತ್ತರಿಸಿ ಬಟರ್ ಪೇಪರಿನ ಪರದೆ. ತಲೆಯ ಮೇಲೆ ಟವೆಲ್ ಹೊದ್ದು ನೋಡಿದರೆ ಪರದೆಯ ಮೇಲೆ ಹೊರಗಿನ ದೃಶ್ಯ ಮೂಡುತ್ತದೆ. ಇಲ್ಲಿ ಒಂದು ಲೆಕ್ಕವನ್ನೂ ಹೇಳಿಕೊಡಬಹುದು. ತೂತಿಗೂ ಪರದೆಗೂ ೨೦ ಸೆಂಟಿಮೀಟರು ಅಂತರವಿದ್ದು, ೬ ಮೀಟರು ಎತ್ತರದ ಬೇವಿನ ಮರ ೧೨ ಮೀಟರು ದೂರದಲ್ಲಿದ್ದರೆ, ಪರದೆಯ ಮೇಲೆ ಮರ ೧೦ ಸೆಂಟಿಮೀಟರು ಎತ್ತರ ಕಾಣುತ್ತದೆ. ಹಿಂದಕ್ಕೆ ಸರಿದು ೨೪ ಮೀಟರು ದೂರ ನಿಂತರೆ ೫ ಸೆಂಟಿಮೀಟರು. ತರಗತಿಯಲ್ಲಿ ಅನುಪಾತದ ಲೆಕ್ಕಕ್ಕೆ ಹೆದರುತ್ತಿದ್ದ ಹುಡುಗರು ಹಗ್ಗ ಹಿಡಿದು ದೂರ ಅಳೆದು ತಾವೇ ಉತ್ತರ ಹೇಳಿದರು.

ಮೂರನೆಯ ದಿನ ಸೂರ್ಯಮುದ್ರಣ. ಇದನ್ನು ಇಂಗ್ಲೆಂಡಿನ ಸರ್ ಜಾನ್ ಹರ್ಷೆಲ್ ೧೮೪೨ರಲ್ಲಿ ಕಂಡುಹಿಡಿದನು. ಮರುವರ್ಷವೇ ಆನಾ ಆಟ್ಕಿನ್ಸ್ ಎಂಬ ಮಹಿಳೆ ಸಮುದ್ರದ ಪಾಚಿಗಳ ಅಚ್ಚುಗಳನ್ನು ಹೀಗೆ ಪಡೆದು ಪುಸ್ತಕವಾಗಿ ಹೊರತರಲು ಆರಂಭಿಸಿದಳು. ಫೆರಿಕ್ ಅಮೋನಿಯಂ ಸಿಟ್ರೇಟ್ ೨೫ ಗ್ರಾಂ ಅನ್ನು ೧೦೦ ಮಿಲಿಲೀಟರು ನೀರಿನಲ್ಲಿಯೂ, ಪೊಟ್ಯಾಸಿಯಂ ಫೆರಿಸಯನೈಡ್ ೧೦ ಗ್ರಾಂ ಅನ್ನು ಮತ್ತೊಂದು ೧೦೦ ಮಿಲಿಲೀಟರು ನೀರಿನಲ್ಲಿಯೂ ಬೇರೆ ಬೇರೆ ಕರಗಿಸಿಟ್ಟುಕೊಂಡು, ಬೇಕಾದಾಗ ಮಬ್ಬು ಬೆಳಕಿನಲ್ಲಿ ಸಮಸಮ ಬೆರೆಸಿ ದಪ್ಪ ಕಾಗದಕ್ಕೆ ಬಳಿದು ಕತ್ತಲೆಯಲ್ಲಿ ಒಣಗಿಸಬೇಕು. ಎರಡನೆಯ ವಸ್ತುವನ್ನು ಕಾಯಿಸಬಾರದು, ಆಮ್ಲದೊಡನೆ ಸೇರಿಸಬಾರದು. ಬೆರೆಸುವ, ಬಳಿಯುವ ಕೆಲಸವನ್ನು ಮಕ್ಕಳಿಗೆ ಬಿಡದೆ ದೊಡ್ಡವರೇ ಕೈಚೀಲ ತೊಟ್ಟು ಮಾಡಬೇಕು. ಒಣಗಿದ ಕಾಗದದ ಮೇಲೆ ಎಲೆಯನ್ನಿಟ್ಟು, ಗಾಜು ಮುಚ್ಚಿ, ಎಂಟು ಹತ್ತು ನಿಮಿಷ ಬಿಸಿಲಿನಲ್ಲಿಟ್ಟು, ಬರಿಯ ನೀರಿನಲ್ಲಿ ತೊಳೆದರಾಯಿತು. ಬಿಸಿಲು ಬಿದ್ದ ಕಡೆ ನೀಲಿ. ಎಲೆಯ ನೆರಳಿದ್ದ ಕಡೆ ಬಿಳಿ. ಹೊಂಗೆ, ಹುಣಿಸೆ, ಬೇವು, ತಂಗಡಿ ಎಲೆಗಳೆಲ್ಲ ನೀಲಿಯ ಮೇಲೆ ಬೆಳ್ಳಗೆ ಅರಳಿದವು. ಹುಣಿಸೆ ಎಲೆಯಲ್ಲಿ ಎಷ್ಟು ಕಿರಿಯ ಎಲೆಗಳಿವೆಯೆಂದು ಹುಟ್ಟಿದಂದಿನಿಂದ ಆ ಮರದ ಕೆಳಗೇ ಆಡಿದ ಮಕ್ಕಳು ಅಂದು ಮೊದಲ ಬಾರಿಗೆ ಎಣಿಸಿದರು.

ನಾಲ್ಕನೆಯ ದಿನ ನೆರಳಿನ ಪಾಠ. ನಮ್ಮ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯ ವಾರದಲ್ಲಿ ಒಂದು ದಿನ ನಡುಹಗಲಿಗೆ ಸೂರ್ಯ ನೆತ್ತಿಯ ಮೇಲೆಯೇ ನಿಲ್ಲುತ್ತಾನೆ. ನೆಟ್ಟ ಕೋಲಿನ ನೆರಳು ಕೋಲಿನ ಬುಡದಲ್ಲೇ ಅಡಗುತ್ತದೆ. ಇದಕ್ಕೆ ಶೂನ್ಯ ನೆರಳಿನ ದಿನವೆಂದು ಹೆಸರು. ನಮ್ಮ ಶಿಬಿರವನ್ನು ಆ ವಾರಕ್ಕೇ ಇಟ್ಟುಕೊಂಡಿದ್ದೆವು. ಶಾಲೆಯ ಅಂಗಳದಲ್ಲಿ ಕೋಲು ನೆಟ್ಟು ಏಳು ಗಂಟೆಯಿಂದ ನೆರಳಿನ ತುದಿಗೆ ಸೀಮೆಸುಣ್ಣದಿಂದ ಗುರುತು ಹಾಕುತ್ತ ಬಂದೆವು. ಏಳು ಗಂಟೆಯಲ್ಲಿ ಒಂದು, ಹನ್ನೆರಡರಲ್ಲಿ ಒಂದು ಎಂದು ಒಬ್ಬಳೇ ಹುಡುಗಿಯ ಮುಖದ ಎರಡು ಚಿತ್ರ ತೆಗೆದು ಹೋಲಿಸಿದಾಗ, ನಡುಹಗಲಿನ ಬೆಳಕು ಕಣ್ಣುಗಳನ್ನು ಕಪ್ಪು ಗುಳಿ ಮಾಡುವುದೂ ಬೆಳಗಿನ ಬೆಳಕು ಮುಖವನ್ನು ದುಂಡಗೆ ತೋರಿಸುವುದೂ ತಾನೇ ಗೊತ್ತಾಯಿತು. ಕ್ಯಾಮೆರಾವನ್ನು ಎಂದಿಗೂ ಸೂರ್ಯನಿಗೆ ನೇರವಾಗಿ ಹಿಡಿಯಬಾರದು, ಬರಿಗಣ್ಣಿನಿಂದಲೂ ನೋಡಬಾರದು ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು.

ಬೆಳಕಿನ ಅಳತೆಯನ್ನು ಕೊಡ ತುಂಬುವ ಉಪಮೆಯಿಂದ ಹೇಳಿದೆವು. ದೊಡ್ಡ ನಲ್ಲಿಯಾದರೆ ಕೊಡ ಬೇಗ ತುಂಬುತ್ತದೆ, ಸಣ್ಣದಾದರೆ ತಡವಾಗುತ್ತದೆ, ತಡೆಯದೆ ಬಿಟ್ಟರೆ ತುಳುಕುತ್ತದೆ. ಕ್ಯಾಮೆರಾದಲ್ಲಿ ಕಿಂಡಿಯೇ ನಲ್ಲಿ, ತೆರೆದಿರುವ ಕಾಲವೇ ಕಾಯುವ ಹೊತ್ತು. ಫೋನಿನ ಕಿಂಡಿ ಸಾಮಾನ್ಯವಾಗಿ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಮಬ್ಬಿನಲ್ಲಿ ಅದು ಹೆಚ್ಚು ಹೊತ್ತು ತೆರೆದಿರುತ್ತದೆ. ಕೈ ನಡುಗಿದರೆ ಚಿತ್ರ ಕಲಸಿಹೋಗುವುದು ಇದೇ ಕಾರಣಕ್ಕೆ. ಗೋಡೆಗೋ ಮರಕ್ಕೋ ಒರಗಿ ನಿಂತು ಉಸಿರು ಬಿಗಿಹಿಡಿದು ಒತ್ತಬೇಕು.

ಐದನೆಯ ದಿನದಿಂದ ಫೋನು ಕೈಗೆ ಬಂತು. ಆದರೆ ಒಬ್ಬರಿಗೆ ದಿನಕ್ಕೆ ಹನ್ನೆರಡೇ ಚಿತ್ರ. ಹಿಂದೆ ನಮ್ಮ ದೇಶದಲ್ಲಿ ಮನೆಮಾತಾಗಿದ್ದ ಆಗ್ಫಾ ಕ್ಲಿಕ್ ಕ್ಯಾಮೆರಾದಲ್ಲಿ ಒಂದು ಸುರುಳಿಗೆ ಹನ್ನೆರಡೇ ಚಿತ್ರ ಬರುತ್ತಿದ್ದವು. ಆ ಕಟ್ಟನ್ನು ನಾವು ಬೇಕೆಂದೇ ತಂದುಕೊಂಡೆವು. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಎಂಬ ಗಾದೆ ಈ ವಿದ್ಯೆಗೆ ಒಪ್ಪುವಷ್ಟು ಮತ್ತಾವುದಕ್ಕೂ ಒಪ್ಪದು. ಮೊದಲ ದಿನ ಅರ್ಧ ಗಂಟೆಯಲ್ಲಿ ಹನ್ನೆರಡನ್ನೂ ಮುಗಿಸಿದ ಹುಡುಗರು ಮರುದಿನ ಒಂದು ಚಿತ್ರಕ್ಕೆ ಕಾಲು ಗಂಟೆ ಕಾದರು.

ಬೆಟ್ಟದ ಪಾಠ

ಚನ್ನರಾಯನದುರ್ಗದ ಕೋಟೆ ಮದ್ದಗಿರಿಯ, ಅಂದರೆ ಇಂದಿನ ಮಧುಗಿರಿಯ, ಪಾಳೆಯಗಾರರ ಕಾಲದ್ದು. ೧೭ನೆಯ ಶತಮಾನದ ಕೊನೆಯ ಭಾಗದಲ್ಲಿ ಚಿಕ್ಕದೇವರಾಜ ಒಡೆಯರ ಆಳ್ವಿಕೆಯಲ್ಲಿ ಅದು ಮೈಸೂರಿನ ವಶವಾಯಿತು. ದೂರದಿಂದ ನುಣ್ಣಗೆ ಕಾಣುವ ಈ ಬೆಟ್ಟ ಹತ್ತಿರ ಹೋದರೆ ಬರಿಯ ಬಂಡೆ; ಬಂಡೆಯ ಮೇಲೆ ಹಾವಿನಂತೆ ಹರಿದ ಗೋಡೆ. ಏಳನೆಯ ದಿನ ಇಬ್ಬರು ತಂದೆಯಂದಿರನ್ನೂ ಜೊತೆಗೆ ಕರೆದುಕೊಂಡು ಬೆಳಗಿನ ಜಾವಕ್ಕೇ ಕೆಳಗಿನ ಕೋಟೆಬಾಗಿಲವರೆಗೆ ಹೋಗಿ, ಒಂಬತ್ತಕ್ಕೆ ಮುಂಚೆ ಇಳಿದುಬಂದೆವು. ಬಂಡೆಯ ಅಂಚಿಗೆ ಹೋಗಬಾರದು, ನಡೆಯುತ್ತ ಚಿತ್ರ ತೆಗೆಯಬಾರದು, ಗೋಡೆ ಹತ್ತಬಾರದು, ಹೆಸರು ಕೆತ್ತಬಾರದು. ಈ ನಾಲ್ಕನ್ನು ಮಕ್ಕಳ ಬಾಯಿಂದಲೇ ಹೇಳಿಸಿದ್ದೆವು.

ಇಲ್ಲಿ ಗ್ರೀನ್‌ಲಾ ಸಾಹೇಬನ ನೆನಪು ಉಪಯೋಗಕ್ಕೆ ಬಂತು. ಆತ ೧೮೫೬ರಲ್ಲಿ ಹಂಪೆಯಲ್ಲಿ ನಿಂತ ಜಾಗಗಳಲ್ಲೇ ೧೯೮೩ರಲ್ಲಿ ಜಾನ್ ಗಾಲಿಂಗ್ಸ್ ಎಂಬ ಆಸ್ಟ್ರೇಲಿಯದ ಛಾಯಾಗ್ರಾಹಕ ಮತ್ತೆ ನಿಂತು ಚಿತ್ರ ತೆಗೆದನು. ೧೨೭ ವರ್ಷಗಳ ಅಂತರದ ಜೋಡಿಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಯಾವುದು ಉಳಿದಿದೆ, ಯಾವುದು ಅಳಿದಿದೆ ಎಂಬುದು ಕಣ್ಣಿಗೆ ಕಟ್ಟುತ್ತದೆ. ನಾವೂ ಹಾಗೆಯೇ ಐದು ಜಾಗಗಳನ್ನು ಗೊತ್ತುಮಾಡಿ, ಎಲ್ಲಿ ನಿಂತೆವು, ಯಾವ ಕಡೆಗೆ ನೋಡಿದೆವು, ಎಷ್ಟು ಗಂಟೆಗೆ ಎಂಬುದನ್ನು ಬರೆದು, ಚಿತ್ರ ಅಂಟಿಸಿ, ಆ ಪುಸ್ತಕವನ್ನು ಶಾಲೆಯಲ್ಲಿ ಇರಿಸಿದ್ದೇವೆ. ಪ್ರತಿ ಏಪ್ರಿಲ್ ತಿಂಗಳಲ್ಲೂ ಅದೇ ಜಾಗದಲ್ಲಿ ನಿಂತು ತೆಗೆದರೆ, ಇಂದು ಆರನೆಯ ತರಗತಿಯಲ್ಲಿರುವವನು ನಮ್ಮ ವಯಸ್ಸಿಗೆ ಬರುವ ಹೊತ್ತಿಗೆ ಕೋಟೆಯ ಎಷ್ಟು ಕಲ್ಲು ಉರುಳಿದೆಯೆಂಬುದಕ್ಕೆ ಊರಿನವರಲ್ಲೇ ಸಾಕ್ಷಿಯಿರುತ್ತದೆ.

ನಮ್ಮ ತಪ್ಪು

ಈಗ ಹೇಳಲೇಬೇಕಾದ ಕಹಿ ಮಾತು. ಆರನೆಯ ದಿನ, ಅಂದರೆ ಬೆಟ್ಟಕ್ಕೆ ಹೋಗುವ ಹಿಂದಿನ ದಿನ, ಮಕ್ಕಳನ್ನು ಊರೊಳಗೆ ಬಿಟ್ಟು “ನಿಮಗೆ ಕಂಡದ್ದನ್ನು ತೆಗೆಯಿರಿ” ಎಂದಿದ್ದೆವು. ಕೇಳಿ ತೆಗೆಯಿರಿ ಎಂದು ಹೇಳಲು ಮರೆತೆವು. ಹನ್ನೊಂದು ವರ್ಷದ ಒಬ್ಬ ಹುಡುಗ ಅರಳಿಕಟ್ಟೆಯ ಮೇಲೆ ಬಾಯಿ ತೆರೆದು ಮಲಗಿದ್ದ ಒಬ್ಬರ ಚಿತ್ರ ತೆಗೆದ. ಚಿತ್ರ ಚೆನ್ನಾಗಿಯೇ ಇತ್ತು. ನಾವೂ ಬೆಳಕನ್ನು ಹೊಗಳಿದೆವು. ಸಂಜೆ ಆ ಹುಡುಗನ ದೊಡ್ಡಪ್ಪನ ಮಗ ಫೋನಿನ ಪರದೆಯಿಂದಲೇ ಅದನ್ನು ತನ್ನ ಫೋನಿಗೆ ಹಿಡಿದುಕೊಂಡು, ‘ಹಾಡುಹಗಲೇ ಕುಡಿದು ಬಿದ್ದ’ ಎಂದು ಬರೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟ. ಸಿಮ್ ತೆಗೆದರೆ ಸಾಕೆಂದುಕೊಂಡಿದ್ದ ನಮ್ಮ ಜಾಣತನ ಅಲ್ಲಿಗೆ ಮುಗಿಯಿತು.

ಮಲಗಿದ್ದವರು ಹುಣಿಸೆಹಣ್ಣಿನ ಬುಟ್ಟಿಯೊಡನೆ ಕಾದು ಕುಳಿತಿದ್ದ ಆ ತಾ​ಯಿಯ ಗಂಡ. ನಮ್ಮ ಶಿಬಿರದ ಹುಡುಗಿಯ ತಂದೆ. ಮರುದಿನ ಹುಡುಗಿ ಬರಲಿಲ್ಲ. ಬೆಟ್ಟದಿಂದ ಇಳಿದೊಡನೆ ನಾವು ಮೂವರೂ ಅವರ ಮನೆಗೆ ಹೋದೆವು. ತಾಯಿ ಒಳಗಿನಿಂದ ಹೊರಗೆ ಬರಲಿಲ್ಲ. ತಂದೆ ಹೇಳಿದರು: “ಕರೆಂಟು ರಾತ್ರಿ ಪಾಳೀಲಿ ಬತ್ತದೆ ಕಣಮ್ಮ. ರಾತ್ರಿಯೆಲ್ಲಾ ತೋಟಕ್ಕೆ ನೀರು ಕಟ್ಟಿ ಬಂದು ಅಡ್ಡಾಗಿದ್ದೆ. ನಾನು ಕುಡಿಯಾಕಿಲ್ಲ. ಇದು ಊರಿಗೂ ಗೊತ್ತು. ಆದ್ರೂ ನಗ್ತಾರಲ್ಲ.” ನಮಗೆ ತಲೆಯೆತ್ತಲಾಗಲಿಲ್ಲ. ಆ ತಾಯಿ ಹೆದರಿದ್ದದ್ದು ಸುಮ್ಮನೆ ಅಲ್ಲ. ಮಾತು ಕೊಟ್ಟು ತಪ್ಪಿದವರು ನಾವು.

ಚಿತ್ರ ಸುಳ್ಳು ಹೇಳುವುದಿಲ್ಲವೆಂಬ ಮಾತು ರೂಢಿಯಲ್ಲಿದೆ. ಚಿತ್ರದಲ್ಲಿ ಇದ್ದದ್ದೆಲ್ಲ ನಿಜವೇ: ಮನುಷ್ಯ, ಕಟ್ಟೆ, ಹಗಲು, ನಿದ್ದೆ. ಆದರೆ ಹಿಂದಿನ ರಾತ್ರಿ ಅದರಲ್ಲಿರಲಿಲ್ಲ. ಆ ರಾತ್ರಿಯಿಲ್ಲದ ಜಾಗದಲ್ಲಿ ಯಾರು ಏನನ್ನು ಬೇಕಾದರೂ ಬರೆಯಬಹುದಾಗಿತ್ತು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದ ಹಿರಿಯರು ಕ್ಯಾಮೆರಾ ಕಂಡವರಲ್ಲ. ಆದರೂ ಈ ವಿದ್ಯೆಯ ಮೊದಲ ಸೂತ್ರವನ್ನು ಹೇಳಿಹೋಗಿದ್ದಾರೆ.

ಗುಂಪಿನಿಂದ ಚಿತ್ರವನ್ನು ತೆಗೆಸಿದೆವು. ನಾವೇ ಅಲ್ಲಿ ಕ್ಷಮೆ ಕೇಳಿ ನಡೆದುದನ್ನು ಬರೆದೆವು. ಎಂಟನೆಯ ದಿನದ ಪಾಠವನ್ನೆಲ್ಲ ಬದಿಗಿಟ್ಟು ಮಕ್ಕಳೊಡನೆ ಕುಳಿತು ಮೂರು ನಿಯಮಗಳನ್ನು ಮಾಡಿದೆವು. ಒಂದು: ಕೇಳದೆ ಯಾರ ಚಿತ್ರವನ್ನೂ ತೆಗೆಯಬಾರದು, ಮಲಗಿರುವವರನ್ನು, ಅಳುತ್ತಿರುವವರನ್ನು, ಸ್ನಾನ ಮಾಡುತ್ತಿರುವವರನ್ನು ತೆಗೆಯಲೇಬಾರದು. ಎರಡು: ತೆಗೆದಮೇಲೆ ಅವರಿಗೇ ಮೊದಲು ತೋರಿಸಬೇಕು, ಬೇಡವೆಂದರೆ ಅವರ ಕಣ್ಣೆದುರಿಗೇ ಅಳಿಸಬೇಕು. ಮೂರು: ಚಿತ್ರದ ಕೆಳಗೆ ಬರೆಯುವ ಮಾತನ್ನು ಅವರನ್ನು ಕೇಳಿ ಬರೆಯಬೇಕು. ಫೋನುಗಳನ್ನು ಮಕ್ಕಳ ಮನೆಗೆ ಕೊಡುವುದನ್ನು ನಿಲ್ಲಿಸಿ ಶಾಲೆಯಲ್ಲೇ ಬೀಗ ಹಾಕಿ ಇಡತೊಡಗಿದೆವು. ಈ ಮೂರು ನಿಯಮಗಳನ್ನು ಮೊದಲನೆಯ ದಿನವೇ ಹೇಳಬೇಕಾಗಿತ್ತು. ಶಿಬಿರ ನಡೆಸುವವರು ಇದೊಂದನ್ನು ನಮ್ಮಿಂದ ಕಲಿತರೆ ನಮ್ಮ ಅವಮಾನ ಸಾರ್ಥಕವಾಗುತ್ತದೆ. ವಿಶ್ವಸಂಸ್ಥೆಯ ೧೯೮೯ರ ಮಕ್ಕಳ ಹಕ್ಕುಗಳ ಒಡಂಬಡಿಕೆ ಮಗುವಿಗೆ ತನ್ನ ಅಭಿಪ್ರಾಯವನ್ನು ಹೇಳುವ ಹಕ್ಕನ್ನೂ, ತನ್ನ ಖಾಸಗಿ ಬದುಕನ್ನು ಕಾಪಾಡಿಕೊಳ್ಳುವ ಹಕ್ಕನ್ನೂ ಒಟ್ಟಿಗೇ ಕೊಟ್ಟಿದೆ. ಇವೆರಡನ್ನೂ ಒಂದೇ ಕೈಯಲ್ಲಿ ಹಿಡಿಯಬೇಕೆಂಬುದು ನಮಗೆ ತಡವಾಗಿ ಅರ್ಥವಾಯಿತು.

ಚಿತ್ರ ತೆಗೆದ ಹುಡುಗ ತಾನೇ ಹೋಗಿ ಆ ತಂದೆಯ ಕ್ಷಮೆ ಕೇಳಿದ; ತೋಟದಲ್ಲಿ ನೀರು ಕಟ್ಟುವಾಗ ಒಂದು ಚಿತ್ರ ತೆಗೆಯಲೇ ಎಂದೂ ಕೇಳಿದ. ಅವರು ಬೇಡವೆಂದರು. ಬೇಡವೆಂದಮೇಲೆ ಮುಗಿಯಿತು; ಅದೇ ನಿಯಮ. ಆದರೆ ತಮ್ಮ ಪಂಪಿನ ಮನೆಯ ಚಿತ್ರ ಬೇಕಾದರೆ ತೆಗೆದುಕೋ ಎಂದರು. ಹುಡುಗ ಗೋಡೆಯ ಮೇಲಿನ ಸ್ಟಾರ್ಟರ್ ಪೆಟ್ಟಿಗೆಯ ಚಿತ್ರ ತೆಗೆದು ತಂದ.

ಪ್ರದರ್ಶನ

ಚಿತ್ರಗಳು ಫೋನಿನಲ್ಲೇ ಉಳಿದರೆ ಊರಿಗೆ ಅವು ಸಲ್ಲುವುದಿಲ್ಲ. ಮಕ್ಕಳೇ ಆರಿಸಿದ, ಒಬ್ಬರಿಗೆ ಐದರಂತೆ ಅರವತ್ತು ಚಿತ್ರಗಳನ್ನು ತಾಲ್ಲೂಕು ಕೇಂದ್ರದಲ್ಲಿ ಕಾಗದದ ಮೇಲೆ ಮುದ್ರಿಸಿ ತಂದೆವು. ಶಿಬಿರದ ಒಟ್ಟು ಖರ್ಚು ೨,೪೦೦ ರೂಪಾಯಿ. ಅದರಲ್ಲಿ ಹೆಚ್ಚಿನ ಪಾಲು ಇದಕ್ಕೇ ಹೋಯಿತು. ಶಾಲೆಯ ಜಗಲಿಯಲ್ಲಿ ಹಗ್ಗ ಕಟ್ಟಿ, ಬಟ್ಟೆಯ ಕ್ಲಿಪ್ಪುಗಳಿಂದ ತೂಗುಹಾಕಿ, ಪ್ರತಿಯೊಂದರ ಕೆಳಗೂ ಮಕ್ಕಳ ಕೈಬರಹದ ಎರಡು ಸಾಲು ಅಂಟಿಸಿದೆವು. ಬರೆಯದೆ ಶಿಬಿರ ಪೂರ್ಣವಾಗದು. ಚಿತ್ರಕ್ಕೆ ಹೇಳಲಾಗದ್ದನ್ನು ಮಾತು ಹೇಳುತ್ತದೆ.

ಹತ್ತನೆಯ ದಿನ ಸಂಜೆ ಊರಿನವರು ಬಂದು ನೋಡಿದರು. ತಮ್ಮ ದನವನ್ನು, ತಮ್ಮ ಹಿತ್ತಿಲನ್ನು, ತಮ್ಮ ಮನೆಯ ಒಲೆಯನ್ನು ಗೋಡೆಯ ಮೇಲೆ ಕಂಡು ಕೆಲವರು ನಕ್ಕರು. ಕೆಲವರು ಬಹಳ ಹೊತ್ತು ನಿಂತರು. ನಮ್ಮ ಅಜ್ಜಿಯೂ ಬಂದಿದ್ದರು. ಒಬ್ಬ ಹುಡುಗಿ ಅವರನ್ನು ಕೇಳಿ, ಅವರು ಸೆರಗು ಸರಿಮಾಡಿಕೊಳ್ಳುವವರೆಗೂ ಕಾದು ತೆಗೆದ ಚಿತ್ರವನ್ನು ನೋಡಿ, “ಇದು ನಾನೇ” ಎಂದರು.

ನಾಲ್ಕು ದಿನದಿಂದ ಬಾರದೆ ಇದ್ದ ಹುಡುಗಿ ಅಂದು ತಾಯಿಯೊಡನೆ ಬಂದಳು. ಸ್ಟಾರ್ಟರ್ ಪೆಟ್ಟಿಗೆಯ ಚಿತ್ರದ ಕೆಳಗಿನ ಕಾಗದವನ್ನು ನಾವು ಖಾಲಿ ಬಿಟ್ಟಿದ್ದೆವು. ಬರೆಯುವೆಯಾ ಎಂದು ಕೇಳಿದೆವು. ಅವಳು ತಾಯಿಯ ಮುಖ ನೋಡಿದಳು. ತಾಯಿ ಹೂಂ ಎಂದರು. ಅವಳು ಬರೆದದ್ದು ಇಷ್ಟು: “ಇದರ ದೀಪ ರಾತ್ರಿ ಹೊತ್ತಿಕೊಳ್ಳುತ್ತದೆ. ಆಗ ನಮ್ಮ ಅಪ್ಪ ಎದ್ದು ಹೋಗುತ್ತಾರೆ.”

ಮುಕ್ತಾಯ

ಶಿಬಿರದಿಂದ ಹನ್ನೆರಡು ಮಂದಿ ಛಾಯಾಗ್ರಾಹಕರು ಹುಟ್ಟಿದರೆಂದು ಹೇಳಿಕೊಳ್ಳುವ ಧೈರ್ಯ ನಮಗಿಲ್ಲ. ಅದು ಗುರಿಯೂ ಆಗಿರಲಿಲ್ಲ. ತನ್ನ ಊರನ್ನು ತಾನು ನೋಡಿ, ಕಂಡದ್ದನ್ನು ತನ್ನ ಮಾತಿನಲ್ಲಿ ಹೇಳುವ ಅಧಿಕಾರ ಹಳ್ಳಿಯ ಮಗುವಿಗೂ ಉಂಟು; ನೋಡಿಸಿಕೊಂಡವರಿಗೆ ಬೇಡವೆನ್ನುವ ಅಧಿಕಾರವೂ ಉಂಟು. ಈ ಎರಡನ್ನು ಕಲಿಸಲು ಹತ್ತು ದಿನ, ನಾಲ್ಕು ಒಡಕು ಫೋನು, ಒಂದು ಕಂಬಳಿ, ಒಂದು ರಟ್ಟಿನ ಪೆಟ್ಟಿಗೆ ಸಾಕು. ಸಿರಾ, ಪಾವಗಡ, ಮಧುಗಿರಿ, ಕೊರಟಗೆರೆ ತಾಲ್ಲೂಕುಗಳ ನನ್ನ ಸೋದರ ಸೋದರಿಯರು ಬರುವ ಬೇಸಗೆಯಲ್ಲಿ ತಮ್ಮ ರಜೆಯ ಹತ್ತು ದಿನಗಳನ್ನು ಇದಕ್ಕೆ ಕೊಡಬಾರದೇಕೆ? ಪಾವಗಡದಲ್ಲಿ ಸಾವಿರಾರು ಎಕರೆ ಹರಡಿದ ಸೌರಫಲಕಗಳ ಪಕ್ಕದ ಊರುಗಳಿವೆ. ಮಧುಗಿರಿಯ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳಿವೆ. ಅಲ್ಲಿನ ಮಕ್ಕಳು ಏನು ನೋಡುತ್ತಿದ್ದಾರೆಂಬುದನ್ನು ತಿಳಿಯುವ ಕುತೂಹಲ ನಮಗಿದೆ.

ಶಾಲೆಯಲ್ಲಿರುವ ಆ ಪುಸ್ತಕದಲ್ಲಿ ಐದು ಜಾಗಗಳ ಮುಂದೆ ಈ ವರ್ಷದ ಚಿತ್ರಗಳು ಮಾತ್ರ ಇವೆ. ಮುಂದಿನ ಹಾಳೆಗಳು ಖಾಲಿಯಾಗಿವೆ. ಬರುವ ಏಪ್ರಿಲ್ ಹೊತ್ತಿಗೆ ನಮ್ಮ ಪರೀಕ್ಷೆ ಮುಗಿದು ನಾವು ಮೂವರೂ ಎಲ್ಲೆಲ್ಲಿರುತ್ತೇವೋ ತಿಳಿಯದು. ಆ ಹಾಳೆಗಳನ್ನು ತುಂಬುವ ಕೆಲಸವನ್ನು ಕಾಲೇಜಿನ ಕಿರಿಯ ವಿದ್ಯಾರ್ಥಿಗಳು ವಹಿಸಿಕೊಳ್ಳಬೇಕೆಂದು ವಿನಂತಿಸಿ ಲೇಖನವನ್ನು ಮುಗಿಸುತ್ತೇನೆ.

— ಅಂತಿಮ ಬಿ. ಎ. ವಿದ್ಯಾರ್ಥಿನಿ